ಎರಡಕ್ಕೂ ಒಂದೇ ಹೆಸರು

ಪಕ್ಕದವರ ಮಂದೆಯೊಡನೆ ಬೆರೆತರೂ ಗುರುತು ಸಿಗಲೆಂದು ಕುರಿಗಳ ಬೆನ್ನಿಗೆಲ್ಲ ಕೆಂಪು ಬಣ್ಣ ಬಳಿದು ಬಂದಿದ್ದ ಕಾಟಮ್ಮ, ಹಿರಿಯೂರು ಬಸ್ ನಿಲ್ದಾಣದಲ್ಲಿ ಕೂತಿದ್ದಳು. ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡ ಉಷಾ, ಜೊತೆಗೆ ಕೂತಿದ್ದ ತನ್ನ ಮೇಲಧಿಕಾರಿ ಕೊಟ್ರೇಶನನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ನಾವು ಬರೆದ ಫೈಲಿಗೂ ಅದರಿಂದ ಮಷೀನು ತಯಾರಿಸೋ ಫೈಲಿಗೂ ಒಂದೇ ಹೆಸರು ಯಾಕಿಟ್ರಿ ಸರ್?"

"ನೀಟಾಗಿ ಕಾಣ್ಲಿ ಅಂತ."

"ಮಷೀನಿನ ಫೈಲು ನಮ್ಮ ಫೈಲನ್ನೇ ಅಳಿಸಿ ಅದರ ಜಾಗದಾಗೆ ಕುಂತೈತೆ. ಎರಡು ತಿಂಗ್ಳು ಬರೆದ ಡೇಟಾಬೇಸ್ ಕೋಡ್ ಹೋತು!"

"ಹೆಸರಿನ ನಿಯಮ ಕಮಿಟಿ ಒಪ್ಪಿದ್ದು ಕಣಮ್ಮ."

"ಕಮಿಟಿಯಾಗೆ ಯಾರ್ಯಾರಿದ್ರು?"

"ನಾನೇ."

"ಬ್ಯಾಕಪ್ಪಾದ್ರೂ ಐತಾ?"

"ಅದಕ್ಕೂ ಅದೇ ಹೆಸರು ಇಟ್ಟಿದ್ದೆ."

ಕಾಟಮ್ಮ ತನ್ನ ಕೆಂಪು ಬೆರಳುಗಳನ್ನು ನೋಡಿಕೊಂಡಳು. ಅಷ್ಟರಲ್ಲಿ ಚಿತ್ರದುರ್ಗದ ಬಸ್ಸು ಬಂತು. ಕೊಟ್ರೇಶ ಅಂಗಿ ಸರಿಮಾಡಿಕೊಂಡು ಎದ್ದ.

"ನಡಿ, ಹೋಗಾಣ. ಫೈಲಿಗೆ ಹೆಸರಿಡೋದು ಹೆಂಗೆ ಅಂತ ಕಾಲೇಜ್ನಾಗೆ ಇವತ್ತು ನಂದೇ ಭಾಷಣ ಐತೆ."