ಎರಡನೇ ಪಂಪಿನ ಒಂಬತ್ತು ಗಂಟೆ

ಈ ಸಭೆಯ ಅಧ್ಯಕ್ಷರೂ ನಮ್ಮ ಮಾಲೀಕರೂ ಆದ ಬಸವೇಶ್ ಅವರೇ, ಬಿಸಿಲಿನಲ್ಲಿ ಮೈಸೂರಿನಿಂದ ಬಂದಿರುವ ಮುಖ್ಯ ಅತಿಥಿಗಳೇ, ಇಂದು ಸನ್ಮಾನ ಸ್ವೀಕರಿಸಲಿರುವ ಸಂಘಮಿತ್ರಾ ಅವರೇ, ಮಗಳ ಸನ್ಮಾನ ನೋಡಲು ದೇವನೂರಿನಿಂದ ಬಂದು ಮೊದಲ ಸಾಲಿನಲ್ಲಿ ಕುಳಿತಿರುವ ಮಂಚಮ್ಮನವರೇ, ತಾಂಡ್ಯದ ನಮ್ಮ ಉಪ್ಪಿನಕಾಯಿ ಕಾರ್ಖಾನೆಯ ಮೂರೂ ಪಾಳಿಯ ಬಂಧುಗಳೇ, ಹೋಳಿಗೆಯ ವಾಸನೆ ಬಂದರೂ ಎದ್ದು ಹೋಗದ ಸಭಿಕರೇ,

ಅಭಿನಂದನೆಯ ಮಾತನ್ನು ಗಂಗಾಧರಸ್ವಾಮಿಯೇ ಆಡಬೇಕು ಎಂದು ಅಪ್ಪಣೆಯಾಯಿತು. ನಾನೇ ಯಾಕೆ? ಯಾಕೆಂದರೆ ನಾನು ಇಲ್ಲಿ ಇಪ್ಪತ್ತಾರು ವರ್ಷದಿಂದ ಮೇಂಟೆನೆನ್ಸ್ ಮ್ಯಾನೇಜರ್. ಸೋಸಲೆಯಿಂದ ನರಸೀಪುರ, ನರಸೀಪುರದಿಂದ ನಂಜನಗೂಡು, ಅಲ್ಲಿಂದ ತಾಂಡ್ಯ, ದಿನಾ ಮೂರು ಬಸ್ಸು. ವರ್ಷಕ್ಕೊಮ್ಮೆ ಯಂತ್ರಗಳನ್ನೆಲ್ಲ ನಿಲ್ಲಿಸಿ, ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಜೋಡಿಸುವ ಶಟ್‌ಡೌನ್ ಕೆಲಸವನ್ನು ಇಪ್ಪತ್ತೈದು ಸಲ ನಾನೇ ಮಾಡಿಸಿದ್ದೇನೆ. ಪ್ರತಿ ಸಲವೂ ಹನ್ನೊಂದು ದಿನ ಹಿಡಿಯುತ್ತಿತ್ತು. ಈ ಸಲ ಸಂಘಮಿತ್ರಾ ಎಂಬ ಈ ಹುಡುಗಿಗೆ ಕೊಟ್ಟರು. ಆರೇ ದಿನದಲ್ಲಿ ಮುಗಿಸಿದಳು. ನನ್ನ ಇಪ್ಪತ್ತೈದಕ್ಕೆ ಒಂದು ಶಾಲೂ ಬರಲಿಲ್ಲ. ಇರಲಿ ಬಿಡಿ, ಈ ಸೆಕೆಯಲ್ಲಿ ಶಾಲು ಹೊದ್ದು ಏನು ಮಾಡುವುದು?

ನಗಬಹುದು, ನಗಿ. ಇನ್ನೊಂದು ಮಾತೂ ನಿಮಗೆಲ್ಲ ಗೊತ್ತು. ನರಸೀಪುರದ ಹತ್ತಿರ ಏಳಲಿರುವ ನಮ್ಮ ಎರಡನೇ ಘಟಕದ ಹೊಣೆ ಯಾರಿಗೆ ಎಂಬುದನ್ನು ಬಸವೇಶ್ ಅವರು ಇವತ್ತು ಕೊನೆಯಲ್ಲಿ ಹೇಳಲಿದ್ದಾರೆ. ಎರಡು ಹೆಸರುಗಳಿವೆ, ಒಂದು ಇವಳದು, ಇನ್ನೊಂದು ನನ್ನದು. ನಮ್ಮ ಊರಿಗೆ ಹತ್ತಿರದ ಜಾಗ, ನಾನು ಬುಡದಿಂದ ಕಟ್ಟಬಹುದಾದ ಮೊದಲ ಕಾರ್ಖಾನೆ. ಆಸೆಯಿಲ್ಲ ಎಂದರೆ ಸುಳ್ಳಾಗುತ್ತದೆ.

ಕೆಲಸ ಮುಗಿದ ಮೇಲೆ ಇವಳು 'ನಾವು ಕಲಿತ ಪಾಠಗಳು' ಎಂದು ನಾಲ್ಕು ಪುಟದ ವರದಿ ಬರೆದಿದ್ದಾಳೆ. ಅದನ್ನು ಓದಿ ವಿವರಿಸಬೇಕಂತೆ. ಮೂರು ಪುಟ ಓದಿಕೊಂಡು ಬಂದಿದ್ದೇನೆ. ಅಷ್ಟರಲ್ಲೇ ನನಗೆ ಸಾಕಾಯಿತು.

'ಬಿಡಿಭಾಗಗಳೆಲ್ಲ ಕೈಗೆ ಬರುವ ತನಕ ಒಂದು ನಟ್ಟನ್ನೂ ಬಿಚ್ಚಬಾರದು.' ಇದೇನು ಹೊಸದೇ? ನಮ್ಮ ತಾಯಿ ಮಲ್ಲಾಜಮ್ಮ ಊರಿನ ಮದುವೆಗಳಿಗೆ ಅಡುಗೆಗೆ ನಿಲ್ಲುತ್ತಿದ್ದವರು. "ಒಲೆ ಅಚ್ಚಕ್ ಮುಂಚೆ ಉಪ್ಪು ಐತಾ ನೋಡ್ಕೊ ಕಣ್ಲಾ" ಎನ್ನುತ್ತಿದ್ದರು. ಪಾಠ ನಮ್ಮ ತಾಯಿಯದು, ಶಾಲು ಇವಳಿಗೆ! ಆದರೆ ನಾನು ಹಾಗೆ ಮಾಡುತ್ತಿದ್ದೆನೆ? ಮೊದಲು ಬಿಚ್ಚುತ್ತಿದ್ದೆ, ಆಮೇಲೆ ಸಾಮಾನು ತರಲು ಮೈಸೂರಿಗೆ ಆಳು ಓಡಿಸುತ್ತಿದ್ದೆ. ಇವಳು ನೀಲಿ ಟಾರ್ಪಾಲು ಹಾಸಿ, ನಾನೂರು ಸಾಮಾನು ಸಾಲಾಗಿ ಜೋಡಿಸಿ, ಒಂದೊಂದನ್ನೂ ಮುಟ್ಟಿ ನೋಡಿದ ಮೇಲೆಯೇ ಸ್ಪ್ಯಾನರ್ ಹಂಚಿದಳು.

'ಮುಕ್ಕಾಲು ಆಗಿದೆ ಎಂಬ ಉತ್ತರವನ್ನು ಒಪ್ಪಬಾರದು. ಆಗಿದೆಯೋ ಇಲ್ಲವೋ, ಅಷ್ಟೇ.' ಅಗೋ, ಫಿಟ್ಟರ್ ಮಾರಯ್ಯ ತಲೆ ತಗ್ಗಿಸಿದ. ಇಪ್ಪತ್ತು ವರ್ಷ ನನ್ನ ಮುಂದೆ "ಮುಕ್ಕಾಲ್ ಆಗೋಗದೆ ಸಾ" ಎಂದೇ ಕಾಲ ಹಾಕಿದವನು ಅವನು. ಉಳಿದ ಕಾಲು ಭಾಗಕ್ಕೆ ನಾಲ್ಕು ದಿನ ಬೇಕಾಗುತ್ತಿತ್ತು. ಇವಳ ಮುಂದೆ ಮೊದಲ ದಿನವೇ "ಆಗಿಲ್ಲ ಕಣವ್ವ, ಬೋಲ್ಟು ತುಕ್ಕಿಡ್ಕಂಡ್ ಕೂತದೆ" ಎಂದುಬಿಟ್ಟ. ಅಂದರೆ ನಿಜ ಹೇಳಲು ಮಾರಯ್ಯನಿಗೆ ಮೊದಲಿಂದಲೂ ಬರುತ್ತಿತ್ತು. ನನಗೆ ಹೇಳುತ್ತಿರಲಿಲ್ಲ, ಅಷ್ಟೆ.

ಯಾಕೆ ಹೇಳುತ್ತಿರಲಿಲ್ಲ? ಅದೂ ಇಲ್ಲಿದೆ. 'ಕೆಟ್ಟ ಸುದ್ದಿ ತಂದವರಿಗೆ ಮೊದಲ ಟೀ.' ಬೆಳಗ್ಗೆ ಏಳೂವರೆಗೆ ಎಲ್ಲರೂ ನಿಂತುಕೊಂಡೇ ಹದಿನೈದು ನಿಮಿಷ ಮಾತಾಡುವುದು. ಯಾರು ತೊಂದರೆ ಹೇಳುತ್ತಾರೋ ಅವರಿಗೆ ಕ್ಯಾಂಟೀನಿನ ರೋಜಾ ಮೊದಲ ಲೋಟ ಕೊಡುತ್ತಿದ್ದಳು. ನಾನು ಏನು ಕೊಡುತ್ತಿದ್ದೆ? "ಇಷ್ಟೊತ್ತು ಕತ್ತೆ ಕಾಯ್ತಿದ್ದೇನ್ಲಾ?" ಹಾಗಾಗಿ ನನ್ನ ಕಾಲದಲ್ಲಿ ಒಂಬತ್ತು ದಿನ ಎಲ್ಲವೂ ಚೆನ್ನಾಗಿರುತ್ತಿತ್ತು, ಹತ್ತನೇ ದಿನ ಎಲ್ಲವೂ ಒಟ್ಟಿಗೇ ಕೆಡುತ್ತಿತ್ತು.

ಮುಂದಿನದು ಕೇಳಿ. 'ಅನುಭವಸ್ಥರೊಬ್ಬರನ್ನು ಯಾವ ಕೆಲಸಕ್ಕೂ ಹಚ್ಚದೆ, ಆಪತ್ತಿಗೆಂದು ಉಳಿಸಿಕೊಳ್ಳಬೇಕು.' ಆ ಅನುಭವಸ್ಥ ನಾನು! ಹೊಂಗೆ ಮರದ ಕೆಳಗೆ ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದಳು. ನಾನು ಕೈಹಿಡಿದು ಸ್ಪ್ಯಾನರ್ ತಿರುಗಿಸಲು ಕಲಿಸಿದ ಹುಡುಗರು ನನ್ನ ಕುರ್ಚಿಯನ್ನು ದಾಟಿಕೊಂಡು "ಅಕ್ಕಾ, ಇಲ್ನೋಡಿ ಬನ್ನಿ" ಎಂದು ಅವಳ ಹತ್ತಿರ ಓಡುತ್ತಿದ್ದರು. ಸಭಿಕರೇ, ನನ್ನ ಹೊಟ್ಟೆ ಉರಿಯಿತು. ಮನೆಗೆ ಹೋದರೆ ನನ್ನ ಹೆಂಡತಿ ಚಿಕ್ಕಬಸಮ್ಮ "ಯಾರ್ ಮ್ಯಾಲಿನ್ ಸಿಟ್ನ ಮುದ್ದೆ ಮ್ಯಾಲ್ ತೀರುಸ್ತಿದ್ದೀರಿ?" ಎಂದು ಕೇಳಿದಳು.

ಇಷ್ಟೆಲ್ಲ ಪಾಠ ಕಲಿತವಳಿಗೂ ಎಡವಟ್ಟು ಆಗಲಿಲ್ಲವೇ? ಆಯಿತು. ಮೂರನೇ ದಿನ ಎರಡನೇ ಪಂಪು ಒಂಬತ್ತು ಗಂಟೆ ಬಾಯಿ ತೆರೆದುಕೊಂಡು ಬಿದ್ದಿತ್ತು. ನಕ್ಷೆಯಲ್ಲಿ ಅದರ ಸೀಲಿನ, ಅಂದರೆ ಶಾಫ್ಟಿನ ಸುತ್ತ ಸೋರದಂತೆ ತಡೆಯುವ ಬಳೆಯ, ಅಳತೆ ನಲವತ್ತು ಮಿಲಿಮೀಟರ್. ಇವಳು ತರಿಸಿದ್ದೂ ನಲವತ್ತರದೇ. ಒಳಗೆ ತಿರುಗುವ ಶಾಫ್ಟು ಮಾತ್ರ ಮೂವತ್ತೆಂಟು. ಹದಿಮೂರು ವರ್ಷದ ಹಿಂದೆ ಶಾಫ್ಟಿಗೆ ಗೀರು ಬಿದ್ದಾಗ ಲೇತಿಗೆ ಕೊಟ್ಟು ಸವೆಸಿದವನು ನಾನು. ನಕ್ಷೆ ತಿದ್ದಲಿಲ್ಲ. ಯಾಕೆ ತಿದ್ದಬೇಕು? ಎಲ್ಲ ನನ್ನ ತಲೆಯಲ್ಲಿತ್ತಲ್ಲ. ತಲೆಯಲ್ಲಿದ್ದುದರಿಂದಲೇ ಅಲ್ಲವೇ ಇಷ್ಟು ವರ್ಷ ನಾನಿಲ್ಲದೆ ಇಲ್ಲಿ ಒಂದು ಪಂಪೂ ತಿರುಗದೇ ಇದ್ದದ್ದು? ಸರಿಯಾದ ಸೀಲು ಮೈಸೂರಿನಿಂದ ಬರುವಷ್ಟರಲ್ಲಿ ಒಂಬತ್ತು ಗಂಟೆ ಹೋಯಿತು. ಗಂಗಾಧರಸ್ವಾಮಿಗೆ ಗೊತ್ತಿತ್ತು, ಬೇಕೆಂದೇ ಹೇಳಲಿಲ್ಲ ಎಂದು ಕೆಲವರು ಗುಸುಗುಸು ಮಾಡಿದರು. ಕೇಳಿದ್ದರೆ ಹೇಳುತ್ತಿದ್ದೆ. ಕೇಳದವರಿಗೆ ಹೇಗೆ ಹೇಳುವುದು?

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕೊನೆಯ ಪುಟ, ನಾನು ಓದದೆ ಬಂದ ಪುಟ. ಒಂದೇ ಪಾಠವಿದೆ, ಓದಿ ಮುಗಿಸುತ್ತೇನೆ. 'ಎರಡನೇ ಪಂಪಿನ ಒಂಬತ್ತು ಗಂಟೆಯ ತಡಕ್ಕೆ ಕಾರಣ: ಆ ಪಂಪಿನ ಬಗ್ಗೆ ನಾನು ಗಂಗಾಧರಸ್ವಾಮಿ ಸರ್ ಅವರನ್ನು ಮೊದಲೇ ಕೇಳಬೇಕಿತ್ತು. ಕೇಳಲಿಲ್ಲ. ತಪ್ಪು ನನ್ನದು. ಹೊಸ ಘಟಕದ ಕೆಲಸ ಯಾರೇ ಮಾಡಲಿ, ಮೊದಲು ಅವರ ಹತ್ತಿರ ಕುಳಿತು ಕೇಳಿ ಬರೆದುಕೊಳ್ಳಬೇಕು.'

ಚಪ್ಪಾಳೆ ಬೇಡ. ದಯವಿಟ್ಟು ಬೇಡ, ನಿಲ್ಲಿಸಿ.

ಸಭಿಕರೇ, ಈ ವರದಿಯಲ್ಲಿ ಒಂದು ಸುಳ್ಳಿದೆ. ಸಂಘಮಿತ್ರಾ ಅವರು ನನ್ನನ್ನು ಕೇಳಿದ್ದರು. ಯಂತ್ರ ಬಿಚ್ಚುವ ನಾಲ್ಕು ದಿನ ಮುಂಚೆ, ನಕ್ಷೆ ಹಿಡಿದುಕೊಂಡು ನನ್ನ ಟೇಬಲ್ಲಿಗೇ ಬಂದರು. "ಸಾ, ನಕ್ಷೆ ಬಾಳ ಹಳೇದು. ಎರಡ್ನೇ ಪಂಪ್ನಲ್ಲಿ ಏನಾರ ಬದಲಾಯ್ಸಿದ್ರಾ?" ಎಂದರು. "ಏನೂ ಇಲ್ಲ ಕಣಮ್ಮ, ನಕ್ಷೇಲಿ ಎಂಗೈತೋ ಅಂಗೇ ಐತೆ" ಎಂದೆ. ಮುಖ ನೋಡಿಕೊಂಡೇ ಹೇಳಿದೆ. ಎಲ್ಲರ ಮುಂದೆ ಸಿಕ್ಕಿಹಾಕಿಕೊಳ್ಳಲಿ, ಆಮೇಲೆ ನನ್ನ ಕುರ್ಚಿಯ ಹತ್ತಿರ ಬರಲಿ ಎಂದು ಕಾದೆ. ಬರಲಿಲ್ಲ. ತಾವೇ ಶಾಫ್ಟು ಅಳೆದು ಮೈಸೂರಿಗೆ ಫೋನು ಮಾಡಿದರು. ನಾನು ಸುಳ್ಳು ಹೇಳಿದ್ದು ಆ ಕ್ಷಣದಲ್ಲೇ ಅವರಿಗೆ ಗೊತ್ತಾಯಿತು. ಆದರೂ 'ತಪ್ಪು ನನ್ನದು' ಎಂದು ತಾವೇ ಬರೆದು ಸಹಿ ಹಾಕಿದ್ದಾರೆ. ಸಂಘಮಿತ್ರಾ ಅವರೇ, ಆರು ದಿನದ ಕೆಲಸಕ್ಕೆ ನನಗಾದ ಹೊಟ್ಟೆಕಿಚ್ಚಿಗಿಂತ ಈ ಒಂದು ಸಾಲಿಗೆ ಆಗುತ್ತಿರುವುದು ದೊಡ್ಡದು. ಇದನ್ನು ನಾನು ಯಾವತ್ತೂ ಬರೆಯುತ್ತಿರಲಿಲ್ಲ.

ಬಸವೇಶ್ ಅವರೇ, ಆ ಸಾಲನ್ನು ಇಗೋ, ಇಲ್ಲೇ ಹೊಡೆದುಹಾಕುತ್ತಿದ್ದೇನೆ. ಕೆಳಗೆ 'ಕೇಳಿದ್ದರು, ನಾನು ಸುಳ್ಳು ಹೇಳಿದೆ' ಎಂದು ಬರೆದು ಸಹಿ ಮಾಡುತ್ತಿದ್ದೇನೆ. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲರಿಗೂ, ಇಂಥ ಮಗಳನ್ನು ಹೆತ್ತ ಮಂಚಮ್ಮನವರಿಗೂ ನನ್ನ ವಂದನೆ. ಅಧ್ಯಕ್ಷರೇ, ಇನ್ನು ಹೊಸ ಘಟಕದ ಹೆಸರು ಹೇಳಿಬಿಡಿ. ಈಗ ನಿಮ್ಮ ಹತ್ತಿರ ಒಂದೇ ಹೆಸರು ಇರುವುದು.

ನಮಸ್ಕಾರ.