ದಾದೇಸಾಬ ಹಿಡಿದ ಸ್ವರ

ಪಂಪಣ್ಣನ ಮಗಳ ಮದುವೆ ಮುಗಿಸಿಕೊಂಡು ಕೊಪ್ಪಳದವರಾದ ನಾವು ಊರಿಗೆ ಹೊರಡಬೇಕು ಅನ್ನುವಷ್ಟರಲ್ಲಿ ಮಳೆ ಹಿಡಿಯಿತು. ಹಳ್ಳ ತುಂಬಿ ಬಂಡಿಗಳು ಮದುವೆಯ ಊರಾದ ಮರಳಿಯಲ್ಲೇ ನಿಂತವು. ಅದು ೧೯೪೬ರ ಶ್ರಾವಣ. ದೀಪ ಹಚ್ಚಿದ ಮೇಲೆ ಎಲ್ಲರೂ ಪಡಸಾಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದಾಗ ನಮ್ಮಲ್ಲೊಬ್ಬರು, ಇಷ್ಟು ಚೆಂದದ ಮದುವೆಗೆ ಶಹನಾಯಿ ಯಾಕೆ ಹೇಳಿರಲಿಲ್ಲ ಎಂದು ಕೇಳಿದರು. ಪಂಪಣ್ಣ ಮುಖ ತಿರುಗಿಸಿದ. ಅವನ ಸೋದರತ್ತೆ ವಿರೂಪಾಕ್ಷಮ್ಮ ಮಾತ್ರ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಶುರುಮಾಡಿದರು.

"ಶಹನಾಯಿ ಅಂದ್ರ ಗಂಗಾವತಿ ದಾದೇಸಾಬಂದು ಕೇಳಬೇಕಿತ್ರಿ ನೀವು... ನಿಜಾಮನ ಸೀಮಿಯೊಳಗ ಅಂಥಾ ಉಸುರು ಇನ್ನೊಬ್ಬರಿಗಿದ್ದಿಲ್ಲ. ಮೂಗಿಲೆ ಗಾಳಿ ಎಳಕೋತ, ಗಲ್ಲದಾಗಿನ ಗಾಳಿ ಊದಕೋತ ಒಂದ ಸ್ವರಾ ಹಿಡದಾ ಅಂದ್ರ ಎಣ್ಣಿ ಸುರದಂಗ, ಎಲ್ಲೂ ತುಂಡಿಲ್ಲ. ಅದು ಎಷ್ಟೊತ್ತು ನಿಲ್ಲತೈತಿ ಅಂತ ಅಳೆಯಾಕಿ ಅವನ ಹೇಣ್ತಿ ಹಸನಬೀ. ಹೆಂಗ ಗೊತ್ತೇನ್ರಿ? ಮುಹೂರ್ತ ನೋಡಾಕ ನೀರಾಗ ಬಿಡತೀವಲ್ಲ, ತಳದಾಗ ಸಣ್ಣ ತೂತಿರೋ ಗಳಿಗಿ ಬಟ್ಟಲ... ಅದನ್ನ ಹಂಡೇದ ನೀರಾಗ ತೇಲಿಬಿಟ್ಟು ಕೂಡತಿದ್ಲು. ಇಂವ ಕಣ್ಣು ಮುಚ್ಚಿ ಊದಾಂವ. ಬಟ್ಟಲ ತುಂಬೂದ್ರೊಳಗ ಉಸುರು ಸೋಲತಿತ್ತು. ಆದ್ರೂ ದಿನಾ ಒಂದೀಟು ಹೆಚ್ಚು. ಬಟ್ಟಲ ಮುಣಗಿದ ಮ್ಯಾಲೆ ಅಕಿ ಕಿವಿಹತ್ರ ಬಂದು 'ಬಸ್, ಆತು' ಅನ್ನಬೇಕು, ಅಲ್ಲಿಮಟಾ ಇಂವ ಬಿಡಂಗಿಲ್ಲ ಅಂತ ಅವರಿಬ್ಬರೊಳಗ ಕರಾರು.

ನನ್ನ ಸಣ್ಣ ತಮ್ಮ ಅಂದಪ್ಪನ ಲಗ್ನಕ್ಕ ಅವನ್ನ ಕರಸಿದ್ವಿ. ಅಷ್ಟೊತ್ತಿಗೆ ಅವಗ ಎದಿಬ್ಯಾನಿ ಹತ್ತಿತ್ತು, ಹಸನಬೀ ಬ್ಯಾಡ ಅಂದ್ಲು. 'ಒಮ್ಮೆ ಮಂದಿ ಮುಂದ ಬಟ್ಟಲ ಮುಣಗೋಮಟಾ ಹಿಡಿತೀನಿ, ಆಮ್ಯಾಲೆ ಶಹನಾಯಿ ಮುಟ್ಟಂಗಿಲ್ಲ' ಅಂದ. ಡೋಲಿನವರಿಗೆ ಸುಮ್ಮನಿರ್ರಿ ಅಂದ. ಅಯ್ನೋರು ಬಟ್ಟಲ ಬಿಟ್ರು, ಇಂವ ಸ್ವರಾ ಹಿಡದಾ...

ಏನ್ ಹೇಳ್ಲಿ! ಅಳೋ ಕೂಸುಗಳು ಸುಮ್ಮನಾದ್ವು. ಬಟ್ಟಲ ಮುಣಗ್ತು, ತಾಳಿ ಕಟ್ಟಿದ್ರು, ಅಕ್ಕಿಕಾಳು ಬಿದ್ವು... ಸ್ವರಾ ನಿಂದರಲಿಲ್ಲ. ಮಂದಿ ಭೇಷ್ ಭೇಷ್ ಅಂತು. ಊಟಕ್ಕ ಎಲಿ ಹಾಕಿದ್ರು, ಆಗೂ ನಿಂದರಲಿಲ್ಲ. ಅಂದಪ್ಪ ಹೋಗಿ 'ಸಾಕೋ ದಾದೇಸಾಬ, ಗೆದ್ದಿ' ಅಂತ ಭುಜ ಮುಟ್ಟಿದಾಂವ ಕೈ ಹಿಂದಕ್ಕ ಎಳಕೊಂಡ. ಮೈ ಬಾವಿಕಲ್ಲಿನಂಗ ತಣ್ಣಗ. ಗಲ್ಲ ಉಬ್ಬಿಲ್ಲ, ಎದಿ ಏರಿಲ್ಲ... ಯಾವಾಗ ಸತ್ತಿದ್ನೋ, ಯಾರಿಗೆ ಗೊತ್ತು? ಶಹನಾಯಿ ಬಾಯಿಂದ ಬಿಡಸಿ ಕೆಳಗ ಇಟ್ರು. ಸ್ವರಾ ಚಪ್ಪರದಾಗ ಹಂಗ ನಡದಿತ್ತು.

ಹೆಂಗಸರ ನಡುವಿದ್ದ ಹಸನಬೀ ಎದ್ದು ಬಂದ್ಲು. ಅಳಲಿಲ್ಲ. ಗಂಡನ ಕಿವಿಗೆ ಬಾಯಿ ಹಚ್ಚಿ, 'ಬಸ್, ಆತು. ಪೂರಾ ಹಿಡದ್ರಿ' ಅಂದ್ಲು. ಆಗ ನಿಂತಿತು... ಸಾವಕಾಶ.

ಅಲ್ಲಿಂದ ಈ ಊರಾಗ ಯಾವ ಮದುವಿಗೆ ಬಟ್ಟಲ ಬಿಟ್ರೂ ಆ ಸ್ವರಾ ಏಳತೈತಿ. ಅದರ ಮುಂದ ಇನ್ನೊಬ್ಬ ಶಹನಾಯಿಯಾಂವ ಕೂಡತಾನೇನ್ರಿ? ನಾವು ಹಸನಬೀಗೆ ಬಂಡಿ ಕಳಿಸಿ ಕರಸ್ತಿದ್ವಿ. ಅಕಿ ಚಪ್ಪರದಾಗ ನಿಂತು ಆ ಮಾತು ಅಂತಿದ್ಲು, ನಿಲ್ಲತಿತ್ತು."

ವಿರೂಪಾಕ್ಷಮ್ಮ ಎದ್ದು ಬಾಗಿಲ ಅಗಳಿ ಹಾಕಿದರು.

"ಹೋದ ವರ್ಷ ಹಸನಬೀ ತೀರಿಕೊಂಡ್ಲು. ಇವತ್ತ ಮುಂಜಾನಿ ನಾ ಬ್ಯಾಡಂದ್ರೂ ಪಂಪಣ್ಣ ಬಟ್ಟಲ ಬಿಡಿಸ್ಯಾನ. ನಾವೆಲ್ಲಾರೂ 'ಬಸ್' ಅಂದು ನೋಡಿದ್ವಿ... ನಮ್ಮ ಮಾತು ಅಂವ ಯಾಕ ಕೇಳತಾನ? ಅದಕ್ಕ ನಿಮಗ ಕೇಳಬಾರದು ಅಂತ ದಿನಾಪೂರ್ತಿ ಡೋಲು ನಿಲ್ಲಸಗೊಡಲಿಲ್ಲ. ಆಮ್ಯಾಲೆ ಮಳಿ ಬಂತು. ಮಳಿ ನಿಂದರಲಿ... ನಿಮಗೂ ಕೇಳಸ್ತೈತಿ."