ತನ್ನನ್ನು ತಾನೇ ತೊಳೆಯುವ ಟ್ಯಾಂಕು

ಇಲ್ಲಿಂದ ಎರಡು ತಾಲ್ಲೂಕಿನಾಚೆ ಒಬ್ಬ ಸಾಹುಕಾರ. ಹೆಸರು ಬೇಡ. ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಅವನ ಮನೆ ಹುಡುಕುತ್ತೀರಿ! ಅವನದೊಂದು ಮೊಸರಿನ ಕಾರ್ಖಾನೆ. ಸುತ್ತಲಿನ ಹಳ್ಳಿಗಳಿಂದ ಹಾಲು ಬರುತ್ತಿತ್ತು, ಉಕ್ಕಿನ ದೊಡ್ಡ ಟ್ಯಾಂಕಿನಲ್ಲಿ ಹೆಪ್ಪುಗಟ್ಟುತ್ತಿತ್ತು, ಪ್ಯಾಕೆಟ್ಟಾಗಿ ಪೇಟೆಗೆ ಹೋಗುತ್ತಿತ್ತು.

ನೋಡಿ, ಹಾಲಿನ ಕೆಲಸವೆಂದರೆ ತೊಳೆಯುವ ಕೆಲಸ. ಮೊದಲೆಲ್ಲ ಪೈಪುಗಳನ್ನು ಬಿಚ್ಚಿ, ಬ್ರಷ್ಷಿನಿಂದ ಉಜ್ಜಿ, ಮತ್ತೆ ಜೋಡಿಸುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. ಸಾಹುಕಾರ ಹೊಸ ಯಂತ್ರ ಹಾಕಿಸಿದ. ಏನನ್ನೂ ಬಿಚ್ಚಬೇಕಿಲ್ಲ. ಗುಂಡಿ ಒತ್ತಿದರೆ ಸಾಕು. ಮೊದಲು ತಣ್ಣೀರು, ಆಮೇಲೆ ಸೋಡಾ ಹಾಕಿದ ಬಿಸಿನೀರು, ಆಸಿಡ್ಡಿನ ನೀರು, ಕೊನೆಗೆ ಮತ್ತೆ ಶುದ್ಧ ನೀರು. ಎಲ್ಲ ತಾನಾಗಿ ಹರಿದು, ಮುಗಿದ ಮೇಲೆ ಹಸಿರು ದೀಪ ಹತ್ತುತ್ತಿತ್ತು. ಸಾಹುಕಾರನಿಗೆ ಆ ದೀಪ ನೋಡುವುದೇ ಒಂದು ಖುಷಿ.

ಯಂತ್ರ ನಡೆಸುತ್ತಿದ್ದವನು ಇಮಾಮಸಾಬ. ಇಪ್ಪತ್ತು ವರ್ಷ ಕೈಯಾರೆ ಪೈಪು ಉಜ್ಜಿದವನು. ಒಂದು ದಿನ ಬಂದು ಹೇಳಿದ, "ಸಾವ್ಕಾರ್ರ, ಟ್ಯಾಂಕಿನ್ಯಾಗ ನೀರು ಬಡಿಯೋ ಸಪ್ಪಳ ಯಾಕೋ ಬ್ಯಾರೆ ಆಗೇತ್ರಿ. ಒಮ್ಮಿ ಮುಚ್ಚಳ ತಗದು ನೋಡೂಣ್ರಿ."

"ಹಸರು ದೀಪ ಹತ್ತೇತಿಲ್ಲೋ? ಮುಗೀತು. ನಿನಗ ಇನ್ನೂ ಆ ಬ್ರಷ್ಷಿಂದ ನೆನಪು!"

ವಾರದೊಳಗೆ ಮೊಸರು ಲೋಳೆಯಾಯಿತು, ಕಹಿಯಾಯಿತು. ಪೇಟೆಗೆ ಹೋದ ಪ್ಯಾಕೆಟ್ಟುಗಳು ತಿರುಗಿ ಬಂದವು. ಸಾಹುಕಾರನಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದವನು ಏನು ಹುಡುಕುತ್ತಾನೆ, ಹೇಳಿ? ಕಾರಣವನ್ನಲ್ಲ, ಬೈಸಿಕೊಳ್ಳುವವರನ್ನು. ಎಲ್ಲಕ್ಕಿಂತ ದೂರದ ಹಳ್ಳಿಯಿಂದ ಫಕ್ಕೀರವ್ವ ಹಾಲು ತರುತ್ತಿದ್ದಳು. ಅಂದು ಹಾಲು ಹಾಕುವ ಸಾಲಿನಲ್ಲಿ ಕೊನೆಗೆ ನಿಂತಿದ್ದಳು.

"ನಿನ್ನ ಹಾಲೇ ಕೆಟ್ಟದ್ದು! ಕ್ಯಾನು ತೊಳಿಯಾಕ ಬರೂದಿಲ್ಲ, ಹಾಲು ಹಾಕಾಕ ಬಂದಾಳ!"

"ಮೂರು ಸಲ ತೊಳೀತೀನ್ರೀ ಯಪ್ಪಾ," ಎಂದಳು ಆಕೆ. ಸಾಹುಕಾರ ಇಪ್ಪತ್ತು ಜನರ ಎದುರಿಗೆ ಅವಳ ಹಾಲನ್ನು ಮೋರಿಗೆ ಸುರಿಸಿದ. ಫಕ್ಕೀರವ್ವ ಖಾಲಿ ಕ್ಯಾನು ಹೊತ್ತು ಹೋದಳು.

ಮರುದಿನ ಅವಳ ಹಾಲಿಲ್ಲ. ಮೊಸರು ಕಹಿ. ಮೂರನೆಯ ದಿನವೂ ಕಹಿ! ಈಗ ಯಾರನ್ನು ಬೈಯುವುದು?

ಇಮಾಮಸಾಬ ಮತ್ತೆ ಕೇಳಲಿಲ್ಲ. ಯಂತ್ರ ನಿಲ್ಲಿಸಿ, ಮುಚ್ಚಳ ತೆಗೆದು, ಬ್ಯಾಟರಿ ಬೆಳಕು ಬಿಟ್ಟ. ಒಳಗೆ ಮೇಲುಗಡೆ, ಮೈತುಂಬ ತೂತುಗಳಿರುವ ಒಂದು ಉಕ್ಕಿನ ಗುಂಡು ಇರುತ್ತದೆ. ಅದರಿಂದ ನೀರು ಸುತ್ತಲೂ ಚಿಮ್ಮಬೇಕು. ಅರ್ಧ ತೂತುಗಳಲ್ಲಿ ರಬ್ಬರ್ ವಾಷರಿನ ಚೂರು ಸಿಕ್ಕಿಬಿದ್ದಿತ್ತು. ಒಂದು ಕಡೆಯ ಗೋಡೆಗೆ ನೀರೇ ತಾಗಿರಲಿಲ್ಲ. ನೀರು ಹರಿದಿದೆ ಎಂದು ದೀಪ ಹೇಳುತ್ತಿತ್ತು. ಕೊಳೆ ಹೋಗಿದೆ ಎಂದು ಅದು ಯಾವತ್ತು ಹೇಳಿತ್ತು?

ಸಾಹುಕಾರ ಕೈ ಹಾಕಿ ನೋಡಿದ. ಬೆರಳಿಗೆ ಹಳದಿ ಜಿಡ್ಡು ಬಂತು. ಇಮಾಮಸಾಬ 'ನಾನು ಹೇಳಿರಲಿಲ್ಲವೇ' ಎನ್ನಬಹುದಿತ್ತು. ಅನ್ನಲಿಲ್ಲ. "ತೊಳದ್ರ ಹೋಗ್ತೈತ್ರಿ," ಎಂದ, ಅಷ್ಟೇ. ರಬ್ಬರಿನ ಚೂರು ಕಿತ್ತು ತೆಗೆದು, ಬ್ರಷ್ಷು ಹಿಡಿದು ಗೋಡೆ ಉಜ್ಜಿದ.

ಸಾಹುಕಾರ ಫಕ್ಕೀರವ್ವನ ಹಟ್ಟಿಗೇ ಹೋದ. ಆಕೆ ಎಮ್ಮೆಯ ಹಾಲು ಕರೆಯುತ್ತಿದ್ದಳು. "ತಪ್ಪಾತವ್ವಾ," ಎಂದ.

ಆಕೆ ಕೈ ನಿಲ್ಲಿಸಲಿಲ್ಲ. "ಇಲ್ಲಿ ಹೇಳಿದ್ರ ಈ ಎಮ್ಮಿ ಒಂದೇ ಕೇಳತೈತ್ರಿ. ಎಲ್ಲಿ ಬೈದ್ರಿ, ಅಲ್ಲೇ ಹೇಳ್ರಿ."

ಎಂಥ ಮಾತು ನೋಡಿ! ಮರುದಿನ ಅದೇ ಸಾಲು, ಅದೇ ಇಪ್ಪತ್ತು ಜನ. ಸಾಹುಕಾರ ಕೈ ಮುಗಿದು ಹೇಳಿದ. ಅವಳು ನಕ್ಕಳು, ಹಾಲು ಸುರಿದಳು. ಅಂದಿನ ಮೊಸರು ಸಿಹಿಯಾಗಿತ್ತು. ಈಗ ಇಮಾಮಸಾಬ ತೊಳೆದಾದ ಮೇಲೂ ದಿನಾ ಮುಚ್ಚಳ ತೆಗೆದು ನೋಡುತ್ತಾನೆ, ಸಾಹುಕಾರ ಪಕ್ಕದಲ್ಲಿ ನಿಲ್ಲುತ್ತಾನೆ.

ಇನ್ನು ನಮ್ಮ ಮಾತು. ಬೆಳಿಗ್ಗೆ ಸ್ನಾನವಾಯಿತು, ವಿಭೂತಿಯಾಯಿತು, ಪೂಜೆಯಾಯಿತು. ಎಲ್ಲ ಮುಗಿಯಿತು ಎಂದುಕೊಂಡೆವು. ಒಳಗೆ ಇಣುಕಿದ್ದೇವೆಯೇ? ಸೊಸೆಗೆ ನೆಂಟರ ಮುಂದೆ ಅಂದ ಮಾತು, ಆಳಿಗೆ ಹೊಲದಲ್ಲಿ ಅಂದ ಮಾತು ಇನ್ನೂ ಅಂಟಿಕೊಂಡಿಲ್ಲವೇ? ಸಂಜೆ ದೀಪ ಹಚ್ಚಿದ ಮೇಲೆ ಒಂದು ಗಳಿಗೆ ಕುಳಿತು ನೋಡಿಕೊಳ್ಳಿ. ಯಾರನ್ನು ನಾಲ್ಕು ಜನರ ಮುಂದೆ ನೋಯಿಸಿದಿರೋ, ಅವರಲ್ಲಿ ನಾಲ್ಕು ಜನರ ಮುಂದೆಯೇ ತಪ್ಪೊಪ್ಪಿಕೊಳ್ಳಿ. ಫೋನಿನಲ್ಲಿ ಬೇಡ, ಗುಟ್ಟಾಗಿ ಬೇಡ.

ಪ್ರವಚನ ಮುಗಿಯಿತು. ಈಗ ಏಳಿ, ಪ್ರಸಾದಕ್ಕೆ ಸಾಲು ನಿಲ್ಲುತ್ತದೆ. ಊರೆಲ್ಲ ಇಲ್ಲೇ ಇದೆ. ನೀವು ನೋಯಿಸಿದ ಆ ಮನುಷ್ಯ ನಿಮ್ಮ ಮುಂದೆಯೇ ನಿಂತಿರಬಹುದು. ಬೆನ್ನು ಮುಟ್ಟಿ ಕರೆಯಿರಿ.